ಹೊರದೇಶದ ಫೀಲ್ಡ್‌ವರ್ಕ್: ಯಾವ ದಿನ ಯಾರದ್ದು?

ಪ್ರಶ್ನೆ: ಪಿಎಚ್‌.ಡಿ. ಕೆಲಸಕ್ಕೆ ಹತ್ತು ವಾರ ಹೊರದೇಶದಲ್ಲಿ ಫೀಲ್ಡ್‌ವರ್ಕ್ ಇದೆ. ತೊರೆಗಳಲ್ಲಿರುವ ಕೀಟಗಳನ್ನೂ ದಂಡೆಯ ಗಿಡಗಳನ್ನೂ ಸಂಗ್ರಹಿಸಬೇಕು. 40 ತಾಣ ಗುರುತು ಮಾಡಿಕೊಂಡಿದ್ದೇನೆ. ಅಷ್ಟು ದೂರ ಹೋದಮೇಲೆ ನಾಲ್ಕು ಊರು ನೋಡಬೇಕೆಂಬ ಆಸೆಯೂ ಇದೆ. ಆಪ್ತ ಸ್ನೇಹಿತೆಯೊಬ್ಬಳು ನಡುವೆ ಎರಡು ವಾರ ಬಂದು ಜೊತೆಗಿರುತ್ತೇನೆ, ಫೀಲ್ಡಿನಲ್ಲೂ ಕೈಜೋಡಿಸುತ್ತೇನೆ ಅನ್ನುತ್ತಿದ್ದಾಳೆ. ಗೈಡ್‌ಗೆ ಇದು ಇಷ್ಟವಿಲ್ಲ. ಅಲ್ಲಿನ ಸಹೋದ್ಯೋಗಿಗಳು ಈಗಲೇ ಮನೆಗೆ ಕರೆಯುತ್ತಿದ್ದಾರೆ. ಕೆಲಸ, ಸುತ್ತಾಟ, ಸ್ನೇಹ ಯಾವುದನ್ನೂ ಕೆಡಿಸಿಕೊಳ್ಳದೆ ಹೇಗೆ ನಿಭಾಯಿಸಲಿ?

ಉತ್ತರ: ಮೂರಕ್ಕೂ ಜಾಗ ಸಿಗುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೆ ಹಚ್ಚಿದ್ದು ಸ್ನೇಹಿತೆಯ ಭೇಟಿಯಲ್ಲ, 40 ತಾಣಗಳೆಂಬ ಲೆಕ್ಕ. ಮೊದಲು ಅದನ್ನು ಸರಿಮಾಡೋಣ. ಅದು ಸರಿಯಾಗದ ಹೊರತು ಊರು ನೋಡಲು ಹೋದರೆ ಕೆಲಸದ ಅಳುಕು, ಕೆಲಸಕ್ಕೆ ಕೂತರೆ ಊರು ನೋಡಲಿಲ್ಲವೆಂಬ ಕೊರಗು, ಎರಡೂ ಬೆನ್ನು ಬಿಡುವುದಿಲ್ಲ.

ಹತ್ತು ವಾರವೆಂದರೆ 70 ದಿನ. ಮೊದಲ 8 ದಿನ ಕಚೇರಿಗಳಿಗೇ ಹೋಗುತ್ತವೆ: ಪರ್ಮಿಟ್‌ಗೆ ಮೊಹರು, ಸ್ಥಳೀಯ ಅಧಿಕಾರಿಗಳಿಗೆ ಪತ್ರ, ವಾಹನದ ಏರ್ಪಾಡು, ಮಾದರಿ ಕೆಡದಂತೆ ಇಡುವ ಎಥನಾಲ್ ಖರೀದಿ. ಎಥನಾಲನ್ನು ವಿಮಾನದಲ್ಲಿ ಲೀಟರುಗಟ್ಟಲೆ ಒಯ್ಯಲಾಗದು, ಅಲ್ಲೇ ಕೊಳ್ಳಬೇಕು. ಅದಕ್ಕೂ ಕೆಲವೆಡೆ ಅನುಮತಿ ಪತ್ರ ಕೇಳುತ್ತಾರೆ. ಕೊನೆಯ 8 ದಿನ ವಿಂಗಡಣೆ, ಅಲ್ಲಿನ ಸಂಗ್ರಹಾಲಯಕ್ಕೆ ಜೋಡಿ ಮಾದರಿಗಳನ್ನು ಒಪ್ಪಿಸುವುದು, ರಫ್ತು ಪರವಾನಗಿ. ಉಳಿದದ್ದು 54. ವಾರಕ್ಕೊಂದು ರಜೆ ಕಳೆದರೆ 46. ಅದರಲ್ಲಿ ಕಾಲು ಭಾಗವನ್ನು ಮಳೆ, ನೆರೆ, ಕೆಟ್ಟ ಗಾಡಿ, ಜ್ವರ ತಿಂದುಹಾಕುತ್ತವೆ ಎಂದೇ ಹಿಡಿಯಿರಿ; 34 ದಿನ ಕೈಗೆ ಸಿಕ್ಕವು. ಹೋಗಿಬರುವುದೂ ಸೇರಿ ಒಂದು ತಾಣಕ್ಕೆ ಒಂದೂವರೆ ದಿನವಾದರೆ ಆಗುವುದು 22 ತಾಣ. ನಿಮ್ಮ ತೊರೆಗಳು ಒಂದಕ್ಕೊಂದು ಹತ್ತಿರವಿದ್ದರೆ ನಾಲ್ಕೈದು ಹೆಚ್ಚಬಹುದು. 40 ಮಾತ್ರ ಆಗದು.

ಈ 22ರಲ್ಲಿ ಸುಮಾರು 16 ತಾಣಗಳನ್ನು "ಬಿಡುವಂತಿಲ್ಲ" ಎಂದು ಗುರುತು ಹಾಕಿ, ಉಳಿದ 6 "ಆದರೆ ಒಳ್ಳೆಯದು". ಎಷ್ಟು ತಾಣವಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ ಎಂಬುದನ್ನು ಹೊರಡುವ ಮುಂಚೆ ಗೈಡ್ ಜೊತೆ ಕೂತು ತೀರ್ಮಾನಿಸಿ. ಆ ಸಂಖ್ಯೆಯ ಮೇಲೆ ಇಬ್ಬರೂ ಒಪ್ಪಿದರೆ ಅವರ ಅರ್ಧ ಅಸಮಾಧಾನ ಅಲ್ಲೇ ಇಳಿಯುತ್ತದೆ. ನೀವು ಎಲ್ಲಾದರೂ ಹೋಗಿಬರುವುದಕ್ಕೆ ಯಾವ ಗೈಡೂ ಸಿಡುಕುವುದಿಲ್ಲ. ಎಲ್ಲಿದ್ದೀರಿ, ಎಷ್ಟು ಆಗಿದೆ ಎಂದು ತಿಳಿಯದೇ ಹೋದಾಗ ಸಿಡುಕುತ್ತಾರೆ.

ಆಮೇಲೆ ಕ್ಯಾಲೆಂಡರ್. ಪ್ರತಿಯೊಂದು ದಿನದ ಮುಂದೆ ಅದು ಯಾರದ್ದು ಎಂದು ಬರೆಯಿರಿ: ಕೆಲಸದ್ದು, ಮೀಸಲು, ಸ್ವಂತದ್ದು. ಮಳೆಗೆಂದು ಬಿಟ್ಟ ಆ 12 ದಿನಗಳೇ ಮೀಸಲು, ಎರಡು ವಾರಕ್ಕೆ ಮೂರರಂತೆ ಹಂಚಿ. ಎರಡು ವಾರ ಕಳೆದಾಗ ಆವರೆಗಿನ ಕಡ್ಡಾಯ ತಾಣಗಳು ಮುಗಿದು ಮೀಸಲು ಉಳಿದಿದ್ದರೆ ಒಂದು ದಿನವನ್ನು ಮುಂದಕ್ಕೆ ಒಯ್ಯಿರಿ, ಎರಡು ದಿನ ನಿಮ್ಮದು. ಬಸ್ಸು ಹತ್ತಿ ಹೋಗಿ, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಮುಗಿಯದಿದ್ದರೆ ಆ ದಿನಗಳು ತೊರೆಯವು. ಈ ನಿಯಮವನ್ನು ಮುಂಚೆಯೇ ಬರೆದಿಟ್ಟುಕೊಳ್ಳುವುದರ ಲಾಭ ದೊಡ್ಡದು. ದಣಿದ ಸಂಜೆಯಲ್ಲಿ, ಗೆಳೆಯರು ಹೊರಗೆ ಹಾರ್ನ್ ಹೊಡೆಯುತ್ತಿರುವಾಗ, ನಿರ್ಧಾರ ಮಾಡುವ ಕೆಲಸವೇ ಉಳಿಯುವುದಿಲ್ಲ.

ವಾರದ ರಜೆಯ ಬಗ್ಗೆ ಒಂದು ಮಾತು. ಬಟ್ಟೆ ಒಗೆದು, ಬ್ಯಾಟರಿ ಚಾರ್ಜ್ ಮಾಡಿ, ಬಲೆ ಹೊಲಿದು ಕಳೆದ ದಿನವನ್ನು ರಜೆ ಎಂದು ಲೆಕ್ಕ ಹಿಡಿಯಬೇಡಿ. ಅದಕ್ಕೆ ಹಿಂದಿನ ಮಧ್ಯಾಹ್ನವನ್ನು ಕೊಡಿ. ಆರನೇ ವಾರದ ಹೊತ್ತಿಗೆ ಲೇಬಲ್‌ಗಳಲ್ಲಿ ತಪ್ಪು ಹೆಚ್ಚುವುದು ಬೇಜವಾಬ್ದಾರಿಯಿಂದಲ್ಲ, ನಿದ್ದೆಗೆಟ್ಟು.

ಸುತ್ತಾಟ ದತ್ತಾಂಶದೊಳಕ್ಕೆ ನುಸುಳುವ ಬಗೆ

ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಸ್ನೇಹಿತೆ ಬಂದಾಗ ಬೆಟ್ಟದ ಕಡೆ ಹೋಗೋಣವೆಂದು ಎತ್ತರದ ತಾಣಗಳನ್ನೆಲ್ಲ ಆ ಎರಡು ವಾರಕ್ಕೆ ಕೂಡಿಟ್ಟಿರಿ ಎಂದುಕೊಳ್ಳಿ. ತಗ್ಗಿನ ತಾಣಗಳೆಲ್ಲ ಮೊದಲ ತಿಂಗಳಲ್ಲಿ, ಎತ್ತರದವೆಲ್ಲ ಎರಡನೆಯದರಲ್ಲಿ ಆದವು. ಅಷ್ಟರಲ್ಲಿ ನೀರು ಇಳಿದಿದೆ, ಕೆಲವು ಕೀಟಗಳ ಮರಿಗಳು ರೆಕ್ಕೆ ಬಲಿತು ಹಾರಿಹೋಗಿವೆ. ಈಗ ಕಾಣುವ ವ್ಯತ್ಯಾಸ ಎತ್ತರದ್ದೋ ಋತುವಿನದೋ ಹೇಳಲು ಯಾವ ಸಂಖ್ಯಾಶಾಸ್ತ್ರಕ್ಕೂ ಆಗುವುದಿಲ್ಲ. ತಗ್ಗು, ನಡು, ಎತ್ತರ ಈ ಮೂರನ್ನೂ ಪ್ರತಿ ಎರಡು ವಾರದೊಳಗೆ ಬೆರೆಸಿ. ಇಂಧನ ಹೆಚ್ಚು ಉರಿಯುತ್ತದೆ, ಆದರೆ ಪ್ರಬಂಧ ಉಳಿಯುತ್ತದೆ.

ಗಂಟೆಯ ವಿಷಯವೂ ಹಾಗೆಯೇ. ತೊರೆಯ ನೀರಿನಲ್ಲಿ ಕರಗಿರುವ ಆಮ್ಲಜನಕ ನಸುಕಿನಲ್ಲಿ ಕಡಿಮೆ ಇದ್ದು, ಬಿಸಿಲೇರಿದಂತೆ ಪಾಚಿಯ ದ್ಯುತಿಸಂಶ್ಲೇಷಣೆಯಿಂದ ಏರುತ್ತದೆ, ಉಷ್ಣಾಂಶವೂ ಬದಲಾಗುತ್ತದೆ. ಒಂದು ತಾಣದಲ್ಲಿ ಬೆಳಿಗ್ಗೆ 8ಕ್ಕೆ, ಇನ್ನೊಂದರಲ್ಲಿ ಮಧ್ಯಾಹ್ನ 2ಕ್ಕೆ ಅಳೆದರೆ ಹಿಂದಿನ ರಾತ್ರಿ ತಡವಾಗಿ ಮಲಗಿದ್ದು ಕೋಷ್ಟಕದಲ್ಲಿ ಕಾಣುತ್ತದೆ. ಅಳತೆಗೆ ಎರಡು ಗಂಟೆಯ ಕಿಂಡಿಯೊಂದನ್ನು ನಿಗದಿಮಾಡಿ, ಉದಾಹರಣೆಗೆ 8ರಿಂದ 10. ಆ ಕಿಂಡಿ ತಪ್ಪಿದರೆ ಮರುದಿನ ಅಳೆಯಿರಿ.

ಸಂಜೆಯ ಎರಡು ಗಂಟೆ

ಸ್ನೇಹಕ್ಕೂ ಕೆಲಸಕ್ಕೂ ಘರ್ಷಣೆ ಹುಟ್ಟುವುದು ಹಗಲಿನಲ್ಲಲ್ಲ, ಸಂಜೆ 6ರಿಂದ 8ರ ನಡುವೆ. ಎಲ್ಲರೂ ಕೈಕಾಲು ತೊಳೆದು ಮಾತಿಗೆ ಕೂರುವ ಹೊತ್ತು. ನಿಮ್ಮ ಮೇಜಿನ ಮೇಲೆ ಮಾತ್ರ ಹಸಿ ಮಾದರಿಗಳು. ಆ ಎರಡು ಗಂಟೆ ಯಾರಿಗೂ ಕೊಡಬಾರದ್ದು. ಯಾಕೆಂದು ಹೇಳುತ್ತೇನೆ.

ಡಿಎನ್ಎ ಬೇಕಿರುವ ಕೀಟಗಳನ್ನು 95 ಶೇಕಡಾ ಎಥನಾಲಿನಲ್ಲಿ ಹಾಕುತ್ತೀರಿ. ಕೀಟದ ಮೈನೀರು, ಜೊತೆಗೆ ಬಂದ ಎಲೆಚೂರು, ಪಾಚಿ ಎಲ್ಲ ಸೇರಿ ಅದನ್ನು ತೆಳುವಾಗಿಸುತ್ತವೆ. ಮಾದರಿ ಒಂದು ಪಾಲಾದರೆ ದ್ರವ ಕನಿಷ್ಠ ಐದು ಪಾಲು ಇರಲಿ. 24 ಗಂಟೆಯೊಳಗೆ ಬಸಿದು ಹೊಸ ಎಥನಾಲ್ ತುಂಬಿ. ತಡವಾದರೆ ಮಾದರಿ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೆ ಡಿಎನ್ಎ ತುಂಡಾಗಿರುತ್ತದೆ. ಅದು ಗೊತ್ತಾಗುವುದು ನೀವು ಲ್ಯಾಬಿಗೆ ಮರಳಿದ ಮೇಲೆ.

ಲೇಬಲ್ ವಿಷಯ ಇನ್ನೂ ಸಣ್ಣದು, ಆದ್ದರಿಂದಲೇ ಕೈಕೊಡುತ್ತದೆ. ಟ್ಯೂಬಿನ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಸಂಖ್ಯೆ ಬರೆದು, ಒಳಗಿನ ಚೀಟಿ ನಾಳೆ ಹಾಕೋಣ ಎಂದು ಎದ್ದುಹೋಗುತ್ತಾರೆ. ರಾತ್ರಿ ಒಂದು ಟ್ಯೂಬ್ ಸೋರುತ್ತದೆ. ಎಥನಾಲ್ ತಾಗಿದ ಮಾರ್ಕರ್ ಶಾಯಿ ಕರಗಿ, ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಹನ್ನೆರಡು ಮುಚ್ಚಳಗಳ ಮೇಲೂ ನೀಲಿ ಕಲೆ, ಒಂದರಲ್ಲೂ ಸಂಖ್ಯೆಯಿಲ್ಲ. ಗಟ್ಟಿ ಕಾಗದದ ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಟ್ಯೂಬಿನ ಒಳಗೇ ಹಾಕಿ. ಗ್ರಾಫೈಟ್ ಎಥನಾಲಿನಲ್ಲಿ ಕರಗುವುದಿಲ್ಲ. ತಾಣ, ದಿನಾಂಕ, ಸಂಗ್ರಹಿಸಿದವರು, ಫೀಲ್ಡ್ ಸಂಖ್ಯೆ. ಅದೇ ಸಂಖ್ಯೆ ನೋಟ್‌ಬುಕ್ಕಿನಲ್ಲಿ, ಅದೇ ಫೋಟೋದಲ್ಲಿ. ಬಲೆ ಎತ್ತಿದ ಜಾಗದಲ್ಲೇ, ತೊರೆಯ ದಂಡೆಯಲ್ಲೇ ಬರೆದರೆ ಇನ್ನೂ ಒಳ್ಳೆಯದು. ಆಗ ಸಂಜೆಯ ಎರಡು ಗಂಟೆ ಒಂದೂಕಾಲಿಗೆ ಇಳಿಯುತ್ತದೆ.

ಗಿಡಗಳ ಎಲೆ ಬೆರಳಗಲದ ತುಂಡುಗಳಾಗಿ, ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ (ತೇವ ಹೀರುವ ಹರಳು) ಜೊತೆಗೆ ಚೀಲದೊಳಗೆ ಹೋಗಲಿ. ಮರುದಿನ ಬಗ್ಗಿಸಿದರೆ ಪಟ್ಟೆಂದು ಮುರಿಯಬೇಕು. ಬಾಗಿದರೆ ಸಿಲಿಕಾ ಬದಲಿಸಿ. ಗಿಡ ಒತ್ತಿ ಒಣಗಿಸುವ ಒತ್ತುಪಟ್ಟಿಯ ಕಾಗದವನ್ನು ಮೊದಲ ಮೂರು ದಿನ ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ.

ಇಷ್ಟು ವಿವರ ಕೊಟ್ಟದ್ದು ಸುತ್ತಾಟದ ದೃಷ್ಟಿಯಿಂದಲೇ. ಎರಡು ರಾತ್ರಿ ಹೊರಗೆ ಕಳೆಯುವುದಾದರೆ ಹೊರಡುವ ಮೂರು ದಿನ ಮುಂಚೆಯೇ ಹೊಸ ಗಿಡ ಒತ್ತುವುದನ್ನು ನಿಲ್ಲಿಸಬೇಕು. ಕೊನೆಯ ಎಥನಾಲ್ ಬದಲಿಕೆ ಆಗಿರಬೇಕು. ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೋ ಮತ್ತು ಎಲ್ಲ ಫೈಲುಗಳು ಎರಡು ಬೇರೆ ಡಿಸ್ಕುಗಳಲ್ಲಿರಬೇಕು, ಒಂದು ಡಿಸ್ಕು ಅಲ್ಲಿನ ಸಹೋದ್ಯೋಗಿಯ ಕಪಾಟಿನಲ್ಲಿ. ಅಸಲು ನೋಟ್‌ಬುಕ್ಕನ್ನು ಪ್ರವಾಸದ ಚೀಲಕ್ಕೆ ಹಾಕಲೇಬೇಡಿ. ಕದ್ದ ಚೀಲದ ಜೊತೆ ಆರು ವಾರದ ದತ್ತಾಂಶ ಹೋಗುವುದು ಫೀಲ್ಡಿನಲ್ಲಿ ಕಡಿಮೆ, ಪ್ರವಾಸಿಗರ ಬಸ್ ನಿಲ್ದಾಣದಲ್ಲಿ ಹೆಚ್ಚು.

ಇನ್ನೊಂದು: ಫೀಲ್ಡಿಗೆ ಹೋಗುವಾಗ ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು, ಎಷ್ಟು ಹೊತ್ತಾದರೂ ಸುದ್ದಿ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಬರೆದಿಟ್ಟು ಹೋಗುತ್ತೀರಿ. ರಜೆಯಲ್ಲಿ ಹೊರಟಾಗಲೂ ಅದೇ ಚೀಟಿ ಬರೆದಿಡಿ. ಶಿಸ್ತು ಸಡಿಲವಾಗುವುದು ಆ ದಿನಗಳಲ್ಲೇ.

ಸ್ನೇಹಿತೆ ಯಾವಾಗ ಬರಲಿ?

ನಡುವೆ ಬೇಡ, ಕೊನೆಗೆ ಬರಲಿ. ಮಾದರಿಗಳು ಒಪ್ಪಿಸಿ ಆದಮೇಲೆ, 70ನೇ ದಿನದ ನಂತರ. ಆಗ ನಿಮ್ಮ ತಲೆಯೂ ಖಾಲಿ ಇರುತ್ತದೆ, ಹತ್ತು ವಾರದಲ್ಲಿ ಕಲಿತ ನಾಲ್ಕು ಮಾತು, ಬಸ್ಸಿನ ದಾರಿ ಎಲ್ಲ ಇಬ್ಬರ ಉಪಯೋಗಕ್ಕೆ ಬರುತ್ತವೆ. ವೀಸಾ ಅವಧಿ ಮಾತ್ರ ಮೊದಲೇ ನೋಡಿಕೊಳ್ಳಿ. ಯುರೋಪಿನ ಷೆಂಗೆನ್ ವಲಯದ ಅಲ್ಪಾವಧಿ ವಾಸ್ತವ್ಯವಾದರೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಒಳಬಂದ ದಿನ, ಹೊರಬಿದ್ದ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. 70ಕ್ಕೆ 14 ಸೇರಿದರೆ 84, ಆರು ದಿನ ಕೈಯಲ್ಲಿ ಉಳಿಯುತ್ತವೆ. ಬೇರೆ ದೇಶಗಳಲ್ಲಿ ಸಂಶೋಧನೆಯ ವೀಸಾ ಪರ್ಮಿಟ್‌ನ ದಿನಾಂಕಕ್ಕೇ ಮುಗಿಯಬಹುದು. ತಲೆಕೆಳಗಾದ ತಪ್ಪನ್ನಂತೂ ಮಾಡಬೇಡಿ: ಪ್ರವಾಸಿ ವೀಸಾದ ಮೇಲೆ ಹೋಗಿ ಮಾದರಿ ಸಂಗ್ರಹಿಸುವುದು ಎಷ್ಟೋ ದೇಶಗಳಲ್ಲಿ ಅಪರಾಧ. ಕೀನ್ಯಾದಲ್ಲಿ ನಾಕೋಸ್ಟಿ, ಟಾಂಜಾನಿಯಾದಲ್ಲಿ ಕಾಸ್ಟೆಕ್, ಹೀಗೆ ಸಂಶೋಧನೆಗೆ ಅನುಮತಿ ಕೊಡುವ ಸಂಸ್ಥೆ ಹಲವು ದೇಶಗಳಲ್ಲಿ ಬೇರೆಯೇ ಇದೆ. ವೀಸಾ ಆದಮಾತ್ರಕ್ಕೆ ಅದು ಆದಂತಲ್ಲ.

ಕೊನೆಗೆ ಬರಲು ಅವಳಿಗೆ ರಜೆ ಸಿಗದಿದ್ದರೆ? ನಡುವೆಯೇ ಬರಲಿ, ಆದರೆ ಟಿಕೆಟ್ ಕೊಳ್ಳುವ ಮುಂಚೆ ಬಿಡಿಸಿ ಹೇಳಿ: "ಹದಿನಾಲ್ಕು ದಿನದಲ್ಲಿ ನಾಲ್ಕು ದಿನ ಪೂರ್ತಿ ನಿನ್ನ ಜೊತೆ ಇರ್ತೀನಿ. ಉಳಿದ ಹತ್ತು ದಿನ ಬೆಳಿಗ್ಗೆ ಐದಕ್ಕೆ ಹೋಗಿ ಸಂಜೆ ಎಂಟಕ್ಕೆ ಸಿಗ್ತೀನಿ. ಆ ಹತ್ತು ದಿನಕ್ಕೆ ನಿನ್ನದೇ ಏನಾದರೂ ಇಟ್ಟುಕೋ." ಇದು ಒರಟು ಮಾತಲ್ಲ. ಬಂದು ಮೂರನೇ ದಿನ ಗೆಸ್ಟ್‌ಹೌಸಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಕಾಯುವ ಸ್ಥಿತಿ ತರುವುದು ಒರಟು.

ಫೀಲ್ಡಿನಲ್ಲಿ ಕೈಜೋಡಿಸುವ ವಿಷಯ. ಪರ್ಮಿಟ್ ತೆಗೆದು ಓದಿ: ಯಾರು, ಎಲ್ಲಿ, ಯಾವ ಗುಂಪಿನ ಜೀವಿ, ಎಷ್ಟು, ಯಾವ ದಿನಾಂಕದವರೆಗೆ ಎಂದು ಸಾಮಾನ್ಯವಾಗಿ ಅದರಲ್ಲಿರುತ್ತದೆ. ಅವಳ ಹೆಸರಿಲ್ಲದಿದ್ದರೆ ಬಲೆ ಹಿಡಿದ ಕೂಡಲೇ ಅವಳು ಪರವಾನಗಿಯಿಲ್ಲದ ಸಂಗ್ರಾಹಕಿ, ನಿಮ್ಮ ಇಡೀ ಯೋಜನೆಯ ಪರ್ಮಿಟ್‌ಗೆ ಅಪಾಯ. ವಿಶ್ವವಿದ್ಯಾಲಯದ ವಿಮೆ ಅವಳಿಗೆ ಅನ್ವಯಿಸುವುದಿಲ್ಲ. ನಿಮ್ಮ ಸ್ವಂತ ಪ್ರವಾಸದ ದಿನಗಳಿಗೂ ಬಹುಮಟ್ಟಿಗೆ ಅನ್ವಯಿಸದು, ಆ ದಿನಗಳಿಗೆ ಬೇರೆ ಪಾಲಿಸಿ ಮಾಡಿಸಿ. ಯೋಜನೆಯ ಗಾಡಿಯಲ್ಲಿ ಅವಳನ್ನು ಕೂರಿಸುವ ಮುಂಚೆ ಆ ಗಾಡಿಯ ವಿಮೆಯನ್ನೂ ಓದಿ.

ಹೆಸರು ಸೇರಿಸಲು ಸಾಧ್ಯವಾಯಿತು, ವಿಮೆಯೂ ಆಯಿತು ಅಂದುಕೊಳ್ಳೋಣ. ಆಗಲೂ ಅವಳಿಗೆ ಕೊಡಬಾರದ ಕೆಲಸಗಳಿವೆ. ತಳದ ಕಲ್ಲುಗಳನ್ನು ಮೂರು ನಿಮಿಷ ಕಾಲಿನಿಂದ ಕಲಕಿ, ಕೊಚ್ಚಿಬರುವ ಕೀಟಗಳಿಗೆ ಬಲೆಯೊಡ್ಡುವ ವಿಧಾನದಲ್ಲಿ ಕಲಕುವವರ ಕಾಲಬಲವೇ ಅಳತೆಗೋಲು. ಕಾಲು ಬದಲಾದರೆ ಲೆಕ್ಕ ಬದಲಾಗುತ್ತದೆ. ದಂಡೆಯ ನೆರಳು ಎಷ್ಟು ಶೇಕಡಾ ಎಂದು ಕಣ್ಣಂದಾಜಿನಲ್ಲಿ ಹೇಳುವುದೂ ಹಾಗೆಯೇ: ಮೊದಲಿಂದ ಕೊನೆಯವರೆಗೆ ಒಬ್ಬರದೇ ಕಣ್ಣು ಇರಬೇಕು. ಅವಳಿಗೆ ಬರವಣಿಗೆ ಕೊಡಿ. ನೀವು "ಹದಿನೇಳು ಪಾಯಿಂಟ್ ನಾಲ್ಕು" ಅನ್ನುತ್ತೀರಿ, ಅವಳು ಬರೆದು ಗಟ್ಟಿಯಾಗಿ "ಹದಿನೇಳು ಪಾಯಿಂಟ್ ನಾಲ್ಕು" ಎಂದು ಮರಳಿ ಹೇಳುತ್ತಾಳೆ. ಒದ್ದೆ ಕೈಯಲ್ಲಿ ನೀವೇ ಬರೆಯುವಾಗ ಆಗುವ ತಪ್ಪುಗಳು ಇದರಿಂದ ನಿಜಕ್ಕೂ ಕಡಿಮೆಯಾಗುತ್ತವೆ. ಒಂದೇ ಸಲಕ್ಕೆ ಮೂರು ದಿನ ಮೀರಿ ಬೇಡ.

ಗಾಡಿಯೊಳಗಿನ ಒಂದು ಸೂಕ್ಷ್ಮ. ನೀವಿಬ್ಬರೂ ಹಿಂದಿನ ಸೀಟಿನಲ್ಲಿ ನಿಮ್ಮ ಭಾಷೆಯಲ್ಲಿ ಹರಟುತ್ತ ಕೂತರೆ ಮುಂದೆ ಕೂತ ಸ್ಥಳೀಯ ಫೀಲ್ಡ್ ಅಸಿಸ್ಟೆಂಟ್ ಮೆಲ್ಲಗೆ ಮೌನಕ್ಕೆ ಜಾರುತ್ತಾರೆ. ಅದಕ್ಕೂ ಮುಂಚೆ ಅವರು ದಾರಿಯುದ್ದಕ್ಕೂ ಹೇಳುತ್ತಿದ್ದರು: ಈ ಸೇತುವೆಯಾಚೆ ಹೋದವಾರ ಕೀಟನಾಶಕ ಹೊಡೆದಿದ್ದಾರೆ, ಆ ತೊರೆ ಬೇಸಿಗೆಯಲ್ಲಿ ಬತ್ತುತ್ತದೆ. ಅಂಥ ಮಾತು ಯಾವ ನಕ್ಷೆಯಲ್ಲೂ ಸಿಗದು. ಸ್ನೇಹಿತೆಯನ್ನು ಮುಂದೆ ಕೂರಿಸಿ ನೀವು ಹಿಂದೆ ಅಸಿಸ್ಟೆಂಟ್ ಪಕ್ಕ ಕೂತುಕೊಳ್ಳಿ, ಮೂವರಿಗೂ ಬರುವ ಭಾಷೆ ಆಡಿ.

ಸ್ನೇಹಿತೆಯ ಸೂಟ್‌ಕೇಸಿನಲ್ಲಿ ಜಾಗ ಖಾಲಿ ಇದೆ, ನಾಲ್ಕು ಟ್ಯೂಬ್ ಒಯ್ಯಲಿ ಎಂಬ ಯೋಚನೆ ಬಂದರೆ ಅಲ್ಲೇ ಬಿಡಿ. ಜೈವಿಕ ಮಾದರಿಗಳನ್ನು ಪಡೆಯುವುದಕ್ಕೂ ಅವುಗಳ ಲಾಭ ಹಂಚಿಕೆಗೂ ನಗೋಯಾ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ (2010ರಲ್ಲಿ ಅಂಗೀಕಾರ, 2014ರ ಅಕ್ಟೋಬರ್ 12ರಿಂದ ಜಾರಿ). ಅದಕ್ಕೆ ಸೇರಿದ ದೇಶ ತನ್ನ ಕಾನೂನಿನಲ್ಲಿ ಕೇಳಿದರೆ ಮುಂಚಿತ ಒಪ್ಪಿಗೆಯೂ, ಎರಡೂ ಕಡೆ ಒಪ್ಪಿದ ಷರತ್ತುಗಳೂ ಕಾಗದದ ಮೇಲಿರಬೇಕು. ದಂಡೆಯ ಗಿಡಗಳಲ್ಲಿ ಆರ್ಕಿಡ್ ಇದ್ದರೆ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕಿರುವ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿಯನ್ನೂ ವಿಚಾರಿಸಬೇಕು. ಆರ್ಕಿಡ್‌ಗಳ ಇಡೀ ಕುಟುಂಬವೇ ಅದರ ಪಟ್ಟಿಗಳಲ್ಲಿದೆ. ಎಥನಾಲಿನಲ್ಲಿರುವ ಮಾದರಿಗಳನ್ನು ವಿಮಾನದಲ್ಲಿ ಒಯ್ಯಲು ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಯಾಟಾದ ಎ180 ಎಂಬ ವಿಶೇಷ ನಿಯಮವಿದೆ: ಒಂದೊಂದು ಒಳಪೊಟ್ಟಣದಲ್ಲಿ 30 ಮಿ.ಲೀ. ಮೀರದ ದ್ರವ, ಹೊರಪೆಟ್ಟಿಗೆಯಲ್ಲಿ ಒಟ್ಟು 1 ಲೀಟರ್ ಮೀರದಂತೆ, ಸೋರಿದರೆ ಹೀರಿಕೊಳ್ಳುವ ವಸ್ತು ಸುತ್ತಲೂ. ಹಾಗಾಗಿ ಹೊರಡುವ ಮುನ್ನ ಹೆಚ್ಚಿನ ದ್ರವ ಬಸಿದು ಮಾದರಿ ಒದ್ದೆಯಿರುವಷ್ಟೇ ಉಳಿಸಿ, ವಿಮಾನ ಸಂಸ್ಥೆಗೆ ಮುಂಚೆಯೇ ತಿಳಿಸಿ. ಕ್ಯಾಮೆರಾ, ಸೆನ್ಸರ್‌ಗಳ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿ ಮಾತ್ರ. 100 ವ್ಯಾಟ್-ಗಂಟೆ ಮೀರಿದವಕ್ಕೆ ಸಂಸ್ಥೆಯ ಒಪ್ಪಿಗೆ ಬೇಕು.

ಬೂಟು, ಮಾತ್ರೆ, ದುಡ್ಡು

ತೊರೆಯ ಕೆಲಸದವರಿಗೆ ಸುತ್ತಾಟದಲ್ಲಿ ಒಂದು ವಿಶೇಷ ಹೊಣೆಯಿದೆ. ಫೀಲ್ಡಿನ ಬೂಟಿನಲ್ಲೇ ಇನ್ನೊಂದು ಕಣಿವೆಯ ಜಲಪಾತ ನೋಡಲು ಹೋದರೆ ಕಣ್ಣಿಗೆ ಕಾಣದ ಜೀವಿಗಳನ್ನು ನೀವೇ ಹೊತ್ತು ಹೋಗುತ್ತೀರಿ. ನ್ಯೂಜಿಲೆಂಡಿನಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಮೊದಲ ಬಾರಿ ಪತ್ತೆಯಾಯಿತು. ಒದ್ದೆ ಉಳಿಯುವ ಉಣ್ಣೆಯಂಥ ಫೆಲ್ಟ್ ಅಡಿಯ ಬೂಟುಗಳು ಅದನ್ನು ನದಿಯಿಂದ ನದಿಗೆ ದಾಟಿಸಬಲ್ಲವೆಂದು 2008ರಲ್ಲಿ ಆ ಬೂಟುಗಳನ್ನೇ ಮೀನು ಹಿಡಿಯುವವರಿಗೆ ನಿಷೇಧಿಸಿದರು. ಪ್ರವಾಸಕ್ಕೆ ಬೇರೆ ಜೋಡಿ ಇಟ್ಟುಕೊಳ್ಳಿ. ಆಗದಿದ್ದರೆ ಮಣ್ಣು ಪೂರಾ ಉಜ್ಜಿ ತೊಳೆದು, ಮುಟ್ಟಿದರೆ ಒಣಗಿದೆ ಎನಿಸಿದ ಮೇಲೂ ಇನ್ನೆರಡು ದಿನ ಒಣಗಿಸಿ. ಸ್ನೇಹಿತೆಯ ಬೂಟಿಗೂ ಇದೇ.

ಆರೋಗ್ಯದ ಲೆಕ್ಕ ಅವಳ ಟಿಕೆಟ್‌ಗಿಂತ ಮುಂಚೆ ಶುರುವಾಗುತ್ತದೆ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಚುಚ್ಚಿಸಿಕೊಂಡ 10 ದಿನದ ನಂತರವಷ್ಟೇ ಊರ್ಜಿತ. ಮಲೇರಿಯಾಕ್ಕೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಹೋಗುವ ಒಂದೆರಡು ದಿನ ಮುಂಚೆ ಶುರು, ಆ ಪ್ರದೇಶ ಬಿಟ್ಟ ಮೇಲೂ 4 ವಾರ. ಅಟೊವಕ್ವೋನ್-ಪ್ರೊಗ್ವಾನಿಲ್ ಆದರೆ ಬಿಟ್ಟ ಮೇಲೆ 7 ದಿನ. ನೀವು ಫೀಲ್ಡ್ ಮುಗಿಸಿ ಬೆಟ್ಟದ ತಂಪಿಗೆ ಹೋದೆವೆಂದು ಮಾತ್ರೆ ನಿಲ್ಲಿಸುವಂತಿಲ್ಲ. ಯಾವುದು ಯಾರಿಗೆ ಎಂದು ವೈದ್ಯರೇ ಹೇಳಲಿ. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಿರಿ. ಕಡಲಲ್ಲಿ ಸ್ಕೂಬಾ ಮಾಡುವ ಆಸೆಯಿದ್ದರೆ ಹಲವು ದಿನದ ಡೈವಿಂಗ್ ಆದಮೇಲೆ ವಿಮಾನಕ್ಕೆ ಕನಿಷ್ಠ 18 ಗಂಟೆ ಬಿಡಿ. ಎರಡು ವಾರದ ಪ್ರವಾಸದಲ್ಲಿ ಬೆಟ್ಟವೂ ಬೇಕು, ಕಡಲೂ ಬೇಕು ಅಂದರೆ ಈ ಅಂಕಿಗಳೇ ದಿನಚರಿಯನ್ನು ಬರೆದುಬಿಡುತ್ತವೆ. ಒಂದನ್ನು ಆರಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ.

ಹಣದ ವಿಷಯ ಚುಟುಕಾಗಿ. ಕೆಲಸ ಮುಗಿದ ಮರುದಿನವೇ ಹಿಂದಿರುಗುವ ಟಿಕೆಟ್ಟಿನ ದರದ ಸ್ಕ್ರೀನ್‌ಶಾಟನ್ನು ಟಿಕೆಟ್ ಕೊಳ್ಳುವ ದಿನವೇ ತೆಗೆದಿಡಿ. ನಿಮ್ಮ ಟಿಕೆಟ್ ಅದಕ್ಕಿಂತ ದುಬಾರಿಯಾದರೆ ವ್ಯತ್ಯಾಸ ನಿಮ್ಮ ಜೇಬಿನಿಂದ. ಸ್ವಂತ ದಿನಗಳಿಗೆ ದಿನಭತ್ಯೆ ಹಾಕಬೇಡಿ. ಯೋಜನೆಯ ಬಾಡಿಗೆ ಕೋಣೆಯಲ್ಲಿ ಸ್ನೇಹಿತೆ ಉಳಿದರೆ ಅವಳ ಪಾಲನ್ನು ಬಿಲ್ಲಿನಿಂದ ಕಳೆಯಿರಿ. ಇದೆಲ್ಲವನ್ನೂ ಗೈಡ್‌ಗೆ ಒಂದು ಪುಟದಲ್ಲಿ ಬರೆದು, ಕ್ಯಾಲೆಂಡರ್ ಜೊತೆಗೆ ಕಳಿಸಿ, ಒಪ್ಪಿಗೆಯನ್ನು ಇಮೇಲಿನಲ್ಲೇ ಪಡೆಯಿರಿ.

ಅಲ್ಲಿಯವರ ಸ್ನೇಹ

ಅಲ್ಲಿ ಹುಟ್ಟುವ ಸ್ನೇಹಕ್ಕೆ ಪ್ರವಾಸದ ಸ್ನೇಹಕ್ಕಿಲ್ಲದ ಒಂದು ತೊಡಕಿದೆ: ಕೆಲವರಿಗೆ ನೀವು ಗೆಳೆಯರೂ ಹೌದು, ಸಂಬಳ ಕೊಡುವವರೂ ಹೌದು. ಎರಡನ್ನೂ ಕಲಸದಿರುವುದೇ ಸ್ನೇಹವನ್ನು ಕಾಯುವ ದಾರಿ. ಕೂಲಿ ಎಷ್ಟೆಂದು ನಿಮ್ಮ ಸಹಭಾಗಿ ಸಂಸ್ಥೆಯನ್ನು ಕೇಳಿ, ಅದನ್ನು ಬರೆದು ಸಹಿ ಮಾಡಿ. ಮಳೆ ಬಂದು ಕೆಲಸ ನಿಂತ ದಿನಕ್ಕೂ ಕೂಲಿ ಕೊಡಿ, ಯಾಕೆಂದರೆ ಅವರು ನಿಮಗಾಗಿ ಆ ದಿನ ಬೇರೆ ಕೆಲಸ ಬಿಟ್ಟಿದ್ದಾರೆ. ಊಟ, ಪ್ರಯಾಣ, ಪೆಟ್ಟಾದರೆ ಚಿಕಿತ್ಸೆ ಯಾರ ಖರ್ಚೆಂದು ಮೊದಲ ದಿನವೇ ಹೇಳಿ. ಸಲಿಗೆ ಬೆಳೆದ ಮೇಲೆ "ಆಮೇಲೆ ಒಟ್ಟಿಗೆ ಕೊಡ್ತೀನಿ" ಎಂಬ ಮಾತು ಬಾಯಿಗೆ ಬರುತ್ತದೆ, ಕೆಡುವುದು ಅಲ್ಲಿಂದಲೇ. ರಜೆಯ ದಿನ ಅವರೇ ಊರು ತೋರಿಸಲು ಬಂದರೆ, ಅದು ಕೆಲಸವೋ ಭೇಟಿಯೋ ಎಂದು ನಿಮಗೇ ಅನುಮಾನ ಬಂದರೆ, ಕೆಲಸವೆಂದು ಹಿಡಿದು ದುಡ್ಡು ಕೊಡಿ. ಅವರು ಬೇಡವೆಂದರೆ ಸಂತೋಷದಿಂದ ಅವರ ಅತಿಥಿಯಾಗಿ.

ಓದಲು ಕರೆಸಿಕೊಳ್ಳುತ್ತೇನೆ, ಸ್ಕಾಲರ್‌ಶಿಪ್ ಕೊಡಿಸುತ್ತೇನೆ ಎಂದು ನಿಮ್ಮ ಕೈಯಲ್ಲಿಲ್ಲದ್ದನ್ನು ಆಡಬೇಡಿ. ಕೈಯಲ್ಲಿರುವುದನ್ನು ಮೊದಲೇ ಆಡಿ: ಪ್ರಬಂಧದಲ್ಲಿ ಯಾರ ಹೆಸರು. ತಾಣಗಳ ಆಯ್ಕೆ, ವಿನ್ಯಾಸ, ಪ್ರಭೇದ ಗುರುತಿಸುವುದು, ಇವುಗಳಲ್ಲಿ ಅಲ್ಲಿನ ಸಹೋದ್ಯೋಗಿಯ ಬುದ್ಧಿ ಸೇರಿದ್ದರೆ ಅವರು ಸಹಲೇಖಕರು. ಹಸ್ತಪ್ರತಿ ಓದಿ ತಿದ್ದಲು ಅವರಿಗೆ ಸಮಯ ಕೊಡಬೇಕು. ಮಾದರಿ ಹೊತ್ತು ತಂದು, ಲೇಖನದಲ್ಲಿ ಅವರನ್ನು ಕೊನೆಯ ಕೃತಜ್ಞತೆಯ ಸಾಲಿಗೆ ತಳ್ಳುವುದನ್ನು ಪ್ಯಾರಾಶೂಟ್ ವಿಜ್ಞಾನ ಅನ್ನುತ್ತಾರೆ. ಅದನ್ನು ಮಾಡಿದವರನ್ನು ಮತ್ತೆ ಯಾರೂ ಮನೆಗೆ ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ.

ಫೋಟೋ ಹಂಚುವಾಗ ಜಾಗರೂಕರಾಗಿರಿ. ಅಪರೂಪದ ಗಿಡದ ಚಿತ್ರದೊಳಗೆ ಫೋನ್ ತಾನಾಗಿಯೇ ಜಾಗದ ನಿರ್ದೇಶಾಂಕ ಬರೆದಿರುತ್ತದೆ. ಕಿತ್ತು ಮಾರುವವರಿಗೆ ಅಷ್ಟು ಸಾಕು. ಸ್ನೇಹಿತೆಯ ಫೋನಿನಲ್ಲೂ ಲೊಕೇಶನ್ ಆಫ್ ಮಾಡಿಸಿ. ಜನರ ಚಿತ್ರಕ್ಕೆ ಕೇಳಿ ಒಪ್ಪಿಗೆ ಪಡೆಯಿರಿ, ತೆಗೆದ ಮೇಲೆ ಅವರಿಗೊಂದು ಪ್ರತಿ ಕೊಡಿ. ಹಿಂದಿರುಗಿದ ಆರು ತಿಂಗಳೊಳಗೆ, ಪ್ರಬಂಧ ಮುಗಿಯದಿದ್ದರೂ ಸರಿ, ಅವರ ತೊರೆಯಲ್ಲಿ ಸಿಕ್ಕ ಕೀಟಗಳ ಪಟ್ಟಿಯನ್ನು ಅವರ ಭಾಷೆಯಲ್ಲಿ, ಚಿತ್ರಗಳ ಜೊತೆಗೆ ಕಳಿಸಿ. ಪ್ರಭೇದ ಗುರುತಿಸಲಾಗದ್ದರ ಮುಂದೆ ಕುಲದ (ಜೀನಸ್) ಹೆಸರಷ್ಟೇ ಇರಲಿ.

ಇನ್ನು ಮನೆಗೆ ಕರೆದದ್ದು. ಅವರ ಮನೆಯ ಸಮಾರಂಭಕ್ಕೂ ನಿಮ್ಮ ತಾಣದ ದಿನಕ್ಕೂ ಒಂದೇ ತಾರೀಖು ಬಿತ್ತೆನ್ನಿ. ಅದು "ಆದರೆ ಒಳ್ಳೆಯದು" ಎಂಬ ಆರರಲ್ಲಿ ಒಂದಾಗಿದ್ದರೆ ಎರಡನೇ ಯೋಚನೆ ಬೇಡ, ತಾಣ ಬಿಟ್ಟು ಹೋಗಿ. ಬಿಡುವಂತಿಲ್ಲದ ಹದಿನಾರರಲ್ಲಿದ್ದರೆ ಮೀಸಲು ದಿನವೊಂದನ್ನು ಎಳೆದುಕೊಂಡು ತಾಣವನ್ನು ಮರುದಿನಕ್ಕೆ ಸರಿಸಿ, ಆಗಲೂ ಹೋಗಿ. ಮೀಸಲು ಇಟ್ಟದ್ದು ಇಂಥದ್ದಕ್ಕೂ ಸೇರಿಯೇ. ಬೆಳಿಗ್ಗೆ ಸ್ವಲ್ಪ ಬೇಗ ಎದ್ದು, ಹಿಂದಿನ ದಿನದ ಟ್ಯೂಬುಗಳ ಎಥನಾಲ್ ಬದಲಿಸಿಟ್ಟು ಹೊರಡಿ.